ಗೇಣಿಯಿಂದ ಬಿಡಿಸಿಕೊಂಡ ಜಾಗ ಮಾರಿ ಲಂಡನ್ನಿನಲ್ಲಿ ಗೇಣಿ ಕೊಂಡೆವು

ಕಳೆದ ತಿಂಗಳು ಪಕ್ಕದ ಗ್ರಾಮದ ನಿವೃತ್ತ ಟೀಚರ್ ಒಬ್ಬರು ನಮ್ಮನ್ನು ಮನೆಗೆ ಕರೆಸಿದರು. ಪೇಪರಿನವರಿಗೆ ಎಂಥ ಕಾಗದವನ್ನೂ ಓದಲು ಬರುತ್ತದೆ ಎಂಬ ನಂಬಿಕೆ ನಮ್ಮ ಕರಾವಳಿಯ ಹಳ್ಳಿಗಳಲ್ಲಿ ಇನ್ನೂ ಉಳಿದಿದೆ. ಚಾ ಕೊಟ್ಟು, ಮೊಬೈಲ್ ಮುಂದೆ ಹಿಡಿದರು. ಲಂಡನ್ನಿನಲ್ಲಿ ನರ್ಸ್ ಆಗಿರುವ ಮಗಳು ವಾಟ್ಸಾಪಿನಲ್ಲಿ ಕಳಿಸಿದ ಕಾಗದ ಅದು.

"ಅಲ್ಲ ಮಾರಾಯ, ನಾವು ದುಡ್ಡು ಕೊಟ್ಟು ಮನೆ ತೆಗೆದದ್ದಲ್ವಾ? ಈಗ ನೋಡಿದರೆ ಇನ್ನು 77 ವರ್ಷ ಮಾತ್ರ ಬಾಕಿ ಅಂತ ಬರೆದಿದ್ದಾರೆ. ಜಾಸ್ತಿ ವರ್ಷ ಬೇಕಾದರೆ ಪುನಃ ದುಡ್ಡು ಕೊಡಬೇಕಂತೆ. ಯಾರಿಗೆ ಕೊಡುವುದು? ಯಾಕೆ ಕೊಡುವುದು?"

ಯಾರಿಗೆ ಎಂಬುದಕ್ಕೆ ಅವತ್ತೇ ಉತ್ತರ ಕೊಟ್ಟೆವು. ಆ ಕಟ್ಟಡ ನಿಂತಿರುವ ನೆಲದ ಒಡೆಯನಿಗೆ. ಯಾಕೆ ಎಂಬುದಕ್ಕೆ ಕಾನೂನಿನ ಉತ್ತರವಿದೆ, ನ್ಯಾಯದ ಉತ್ತರ ನಮಗೆ ಸಿಕ್ಕಲಿಲ್ಲ. ಹಾಗಾಗಿ ಟೀಚರ್ ಅವರ ಒಪ್ಪಿಗೆ ಪಡೆದು, ಹೆಸರು ಊರು ಬಿಟ್ಟು ಇದನ್ನು ಬರೆಯುತ್ತಿದ್ದೇವೆ.

2021ರಲ್ಲಿ ಆ ಫ್ಲ್ಯಾಟ್ ಕೊಳ್ಳುವಾಗ ಮಗಳ ಕೈಯಲ್ಲಿ ಬ್ಯಾಂಕ್ ಸಾಲಕ್ಕೆ ಮೊದಲು ಹಾಕಬೇಕಾದ ದುಡ್ಡು ಇರಲಿಲ್ಲ. ಟೀಚರ್ 40 ಸೆಂಟ್ಸ್ ತೋಟ ಮಾರಿ ಕಳಿಸಿದರು. ಆ ತೋಟ ಅವರ ಮಾವನಿಗೆ ಬಂದದ್ದು 'ಡಿಕ್ಲರೇಶನ್'ನಲ್ಲಿ. ಮಾವ ಧಣಿಗಳ ಜಾಗದಲ್ಲಿ ಗೇಣಿ ಒಕ್ಕಲಾಗಿದ್ದವರು. 1974ರ ಭೂಸುಧಾರಣೆ ಬಂದ ಮೇಲೆ ಏಳನೇ ನಮೂನೆ ಅರ್ಜಿ ಹಾಕಿ, ಟ್ರಿಬ್ಯೂನಲಿನ ಮುಂದೆ ನಿಂತು, ಜಾಗವನ್ನು ತಮ್ಮ ಹೆಸರಿಗೆ ಮಾಡಿಸಿಕೊಂಡವರು.

ಅಂದರೆ ಅಜ್ಜ ಗೇಣಿಯಿಂದ ಬಿಡಿಸಿಕೊಂಡ ಜಾಗವನ್ನು ಮಾರಿ, ಮೊಮ್ಮಗಳು ಲಂಡನ್ನಿನಲ್ಲಿ ಗೇಣಿ ಒಕ್ಕಲಾದಳು. ಆ ಮನೆಯವರಿಗೆ ಇದು ಗೊತ್ತಾದದ್ದು ಐದು ವರ್ಷದ ನಂತರ.

ಅಲ್ಲಿಯ ಲೀಸು ನಮ್ಮ ಲೀಸಲ್ಲ

ಮೊದಲು ಒಂದು ಗೊಂದಲ ಬಿಡಿಸೋಣ. ನಮ್ಮಲ್ಲಿ 'ಲೀಸಿಗೆ ಮನೆ ಹಿಡಿದೆ' ಅಂದರೆ ಭೋಗ್ಯ. ಬೆಂಗಳೂರಿನಲ್ಲಿ ಮನೆ ಯಜಮಾನರಿಗೆ ಒಂದಷ್ಟು ಲಕ್ಷ ಕೊಟ್ಟು, ಎರಡು ಮೂರು ವರ್ಷ ಬಾಡಿಗೆಯಿಲ್ಲದೆ ಇದ್ದು, ಬಿಡುವಾಗ ಆ ದುಡ್ಡು ವಾಪಸ್ ತೆಗೆದುಕೊಳ್ಳುತ್ತೇವೆ. ಟೀಚರ್ ಕೂಡ ಹಾಗೇ ತಿಳಿದಿದ್ದರು: "ಲೀಸು ಮುಗಿದಾಗ ಕೊಟ್ಟ ದುಡ್ಡು ಬರ್ತದೆ ಅಲ್ವಾ?"

ಬರುವುದಿಲ್ಲ. ಇಂಗ್ಲೆಂಡ್ ಮತ್ತು ವೇಲ್ಸಿನಲ್ಲಿ ಫ್ಲ್ಯಾಟ್ ಕೊಂಡರೆ ಸಾಮಾನ್ಯವಾಗಿ ಸಿಗುವುದು ಲೀಸ್‌ಹೋಲ್ಡ್. ಫ್ಲ್ಯಾಟಿನ ಪೂರ್ತಿ ಬೆಲೆ ಕೊಡುತ್ತೀರಿ, ಬ್ಯಾಂಕಿನ ಸಾಲ ತೀರಿಸುತ್ತೀರಿ, ದುರಸ್ತಿಗೆ ಸರ್ವಿಸ್ ಚಾರ್ಜ್ ಕಟ್ಟುತ್ತೀರಿ. ಆದರೆ ನೆಲ, ಗೋಡೆ, ಮಾಡು ಇನ್ನೊಬ್ಬನದು. ಅವನನ್ನು ಫ್ರೀಹೋಲ್ಡರ್ ಅನ್ನುತ್ತಾರೆ. ನಿಮ್ಮ ಕೈಯಲ್ಲಿರುವುದು ಇಷ್ಟು ವರ್ಷ ಇಲ್ಲಿ ಇರುವ ಹಕ್ಕು ಮಾತ್ರ. 99 ವರ್ಷ, 125 ವರ್ಷ, ಹೀಗೆ. ಅದರ ಮೇಲೆ ಹಲವು ಕಡೆ ವರ್ಷಕ್ಕೊಮ್ಮೆ ನೆಲಬಾಡಿಗೆ. ಅವಧಿ ಮುಗಿದರೆ ಫ್ಲ್ಯಾಟಿನ ಒಡೆತನ ನೆಲದ ಧಣಿಗೆ ಮರಳುತ್ತದೆ.

ಇಂಗ್ಲೆಂಡಿನಲ್ಲಿ ಹೀಗೆ ಲೀಸಿನ ಮೇಲಿರುವ ಮನೆಗಳು 50 ಲಕ್ಷದ ಹತ್ತಿರ ಇವೆ. ನಮ್ಮ ಊರುಗಳಿಂದ ಅಲ್ಲಿನ ಆಸ್ಪತ್ರೆಗಳಿಗೆ, ವೃದ್ಧಾಶ್ರಮಗಳಿಗೆ, ಕಂಪ್ಯೂಟರ್ ಕಂಪನಿಗಳಿಗೆ ಹೋದ ಮಕ್ಕಳು ಮೊದಲು ಕೊಳ್ಳುವುದು ಇಂಥ ಫ್ಲ್ಯಾಟನ್ನೇ. ಬೇರೆ ಮನೆ ಅವರ ಸಂಬಳಕ್ಕೆ ಎಟುಕುವುದಿಲ್ಲ.

ವರ್ಷ ಕಡಿಮೆಯಾದಷ್ಟೂ ಫ್ಲ್ಯಾಟಿನ ಬೆಲೆ ಇಳಿಯುತ್ತದೆ. ಅವಧಿ 80, 70 ಅಂತ ಇಳಿದ ಹಾಗೆ ಸಾಲ ಕೊಡುವ ಬ್ಯಾಂಕುಗಳು ಹಿಂದೆ ಸರಿಯುತ್ತವೆ, ಕೊಳ್ಳುವವರೂ ಹಿಂದೆ ಸರಿಯುತ್ತಾರೆ. ಆಗ ಉಳಿಯುವ ದಾರಿ ಒಂದೇ, ಲೀಸನ್ನು ಉದ್ದ ಮಾಡಿಸಿಕೊಳ್ಳುವುದು.

1993ರ ಕಾಯ್ದೆ ಫ್ಲ್ಯಾಟಿನವರಿಗೆ ಈ ಹಕ್ಕು ಕೊಟ್ಟಿತು. ಉಳಿದ ವರ್ಷಗಳ ಮೇಲೆ ಇನ್ನೂ 90 ವರ್ಷ ಸೇರಿಸಿಕೊಳ್ಳಬಹುದು. ನೆಲಬಾಡಿಗೆ ಸೊನ್ನೆಯಾಗುತ್ತದೆ. ಸೊನ್ನೆಗೆ ಅಲ್ಲಿಯ ಕಾನೂನಿನ ಭಾಷೆಯಲ್ಲಿ 'ಒಂದು ಕರಿಮೆಣಸಿನ ಕಾಳು' ಅನ್ನುತ್ತಾರೆ. ಕೇಳಲು ಚೆಂದ. ಆದರೆ ಆ ಒಂದು ಕಾಳಿನ ಬಾಡಿಗೆಗೆ ಇಳಿಯಬೇಕಾದರೆ ಮೊದಲು ಧಣಿಗೆ ಸಾವಿರಾರು ಪೌಂಡ್ ಎಣಿಸಬೇಕು.

80ರ ಗೆರೆ

ಆ ದುಡ್ಡಿನ ಲೆಕ್ಕ ಹೀಗೆ. ಧಣಿಗೆ ಮುಂದೆ ಬರಬೇಕಿದ್ದ ನೆಲಬಾಡಿಗೆ ತಪ್ಪುತ್ತದೆ, ಅದಕ್ಕೆ ಇಷ್ಟು. ಫ್ಲ್ಯಾಟು ಅವನ ಕೈಗೆ ಮರಳುವುದು 90 ವರ್ಷ ಮುಂದೆ ಹೋಗುತ್ತದೆ, ಅದಕ್ಕೆ ಇಷ್ಟು. ಇಲ್ಲಿಯವರೆಗೆ ನಮ್ಮ ತಕರಾರು ದೊಡ್ಡದಲ್ಲ. ಕಳೆದುಕೊಳ್ಳುವವನಿಗೆ ಪರಿಹಾರ ಕೊಡಬೇಕು, ಸರಿ.

ಮೂರನೆಯದು ಬೇರೆ. ಅದರ ಹೆಸರು 'ಮ್ಯಾರೇಜ್ ವ್ಯಾಲ್ಯೂ', ಅಂದರೆ ಮದುವೆಯ ಮೌಲ್ಯ. ಲೀಸು ಉದ್ದವಾದ ಕೂಡಲೇ ಫ್ಲ್ಯಾಟಿನ ಮಾರುಕಟ್ಟೆ ಬೆಲೆ ಏರುತ್ತದಲ್ಲ, ಆ ಲಾಭದಲ್ಲಿ ಅರ್ಧ ಧಣಿಗೆ ಸೇರಬೇಕು. ಉಳಿದ ಅವಧಿ 80 ವರ್ಷಕ್ಕಿಂತ ಹೆಚ್ಚಿದ್ದರೆ ಇದು ಇಲ್ಲ. 80ರ ಗೆರೆಗೆ ಇಳಿದರೆ ಇದೆ. ಹೆಸರು ಮದುವೆಯದ್ದು, ವಸೂಲಿ ವರದಕ್ಷಿಣೆಯದ್ದು. ಅದೂ ಹುಡುಗಿಗೆ ವಯಸ್ಸಾದಷ್ಟೂ ಹೆಚ್ಚು ಕೇಳುವ ವರದಕ್ಷಿಣೆ.

ಟೀಚರ್ ಅವರ ಮಗಳ ಲೀಸು 2004ರ ಮಾರ್ಚಿನಿಂದ 99 ವರ್ಷ. 2021ರ ಜೂನಿನಲ್ಲಿ ಅವಳು ಕೊಳ್ಳುವಾಗ 81 ವರ್ಷ 9 ತಿಂಗಳು ಬಾಕಿ ಇತ್ತು. ಕೂಡಲೇ ಉದ್ದ ಮಾಡಿಸಿಕೊಳ್ಳಬಹುದಿತ್ತಲ್ಲ ಅನ್ನುತ್ತೀರಾ? ಆಗಿನ ಕಾನೂನಿನ ಪ್ರಕಾರ ಫ್ಲ್ಯಾಟು ಎರಡು ವರ್ಷ ತನ್ನ ಹೆಸರಿನಲ್ಲಿದ್ದ ಮೇಲೆಯೇ ಅರ್ಜಿ ಹಾಕಲು ಹಕ್ಕು. ಎರಡು ವರ್ಷ ತುಂಬಿದ್ದು 2023ರ ಜೂನಿನಲ್ಲಿ. ಗೆರೆ ದಾಟಿದ್ದು 2023ರ ಮಾರ್ಚಿನಲ್ಲಿ.

ಇನ್ನೊಂದು ದಾರಿ ಇತ್ತು. ಮಾರುವವನಿಂದಲೇ ನೋಟಿಸು ಕೊಡಿಸಿ, ಆ ನೋಟಿಸಿನ ಹಕ್ಕನ್ನು ಫ್ಲ್ಯಾಟಿನ ಜೊತೆಗೆ ತನ್ನ ಹೆಸರಿಗೆ ಬರೆಸಿಕೊಳ್ಳಬಹುದಿತ್ತು. ಆದರೆ ಅದನ್ನು ಅವಳಿಗೆ ಯಾರೂ ಹೇಳಲಿಲ್ಲ. ವಕೀಲರು ಕಳಿಸಿದ ಪತ್ರದಲ್ಲಿ '99 ವರ್ಷದ ಲೀಸು' ಅಂತ ಒಂದು ಸಾಲು ಇತ್ತು, ಅಷ್ಟೇ. ರಾತ್ರಿ ಪಾಳಿ ಮುಗಿಸಿ ಬಂದು 60 ಪುಟ ಓದುವ ನರ್ಸಿಗೆ ಆ ಸಾಲಿನ ಹಿಂದೆ ಏನಿದೆ ಅಂತ ಹೇಗೆ ಗೊತ್ತಾಗಬೇಕು?

ದುಡ್ಡಿನಲ್ಲಿ ಇದರ ಅರ್ಥವೇನು ಅಂತ ನಾವೇ ಕೂತು ಲೆಕ್ಕ ಹಾಕಿದೆವು. ಫ್ಲ್ಯಾಟಿನ ಬೆಲೆ 3 ಲಕ್ಷ ಪೌಂಡ್, ನೆಲಬಾಡಿಗೆ ವರ್ಷಕ್ಕೆ 100 ಪೌಂಡ್ ಅಂತ ಇಟ್ಟುಕೊಂಡು, ಅಲ್ಲಿ ಸಾಮಾನ್ಯವಾಗಿ ಬಳಸುವ ದರಗಳಲ್ಲಿ ತೆಗೆದ ಅಂದಾಜು ಇದು. 82 ವರ್ಷ ಬಾಕಿ ಇರುವಾಗ ಸುಮಾರು 7,000 ಪೌಂಡಿಗೆ ಮುಗಿಯುವ ಕೆಲಸಕ್ಕೆ 77 ವರ್ಷ ಬಾಕಿ ಇರುವಾಗ ಸುಮಾರು 16,000 ಪೌಂಡ್ ಬೇಕು. ಅದರಲ್ಲಿ 7,700 ಪೌಂಡಿನಷ್ಟು ಬರೀ ಮದುವೆಯ ಮೌಲ್ಯ. ಪೌಂಡಿಗೆ 110 ರೂಪಾಯಿ ಅಂತ ಕಡಿಮೆಗೇ ಹಿಡಿದರೂ ಅದೊಂದೇ 8 ಲಕ್ಷ ದಾಟಿತು.

ಇದರ ಮೇಲೆ ವಕೀಲರ ಫೀಸು, ಬೆಲೆ ಕಟ್ಟುವವರ ಫೀಸು. ನಮ್ಮವು ಮಾತ್ರವಲ್ಲ, ಧಣಿಯ ಕಡೆಯ ನ್ಯಾಯವಾದ ಖರ್ಚನ್ನೂ ಒಕ್ಕಲೇ ಕೊಡಬೇಕು. ನಮ್ಮ ವಿರುದ್ಧ ಚೌಕಾಸಿ ಮಾಡುವವನಿಗೆ ನಮ್ಮ ಕಿಸೆಯಿಂದಲೇ ಸಂಬಳ.

ಕಾನೂನು ಪಾಸಾಯಿತು, ಬಾಗಿಲು ತೆರೆಯಲಿಲ್ಲ

ಇದು ಅನ್ಯಾಯ ಅಂತ ಹೇಳುತ್ತಿರುವುದು ನಾವು ಮಾತ್ರವಲ್ಲ, ಬ್ರಿಟನ್ನಿನ ಪಾರ್ಲಿಮೆಂಟೇ ಒಪ್ಪಿಕೊಂಡಿದೆ. 2024ರ ಮೇ 24ರಂದು ಅಲ್ಲಿ ಲೀಸ್‌ಹೋಲ್ಡ್ ಸುಧಾರಣೆಯ ಹೊಸ ಕಾಯ್ದೆಗೆ ರಾಜಮುದ್ರೆ ಬಿತ್ತು. ಅದರಲ್ಲಿ 90ರ ಬದಲು 990 ವರ್ಷ. ಮದುವೆಯ ಮೌಲ್ಯ ರದ್ದು. ಧಣಿಯ ಖರ್ಚನ್ನು ಸಾಮಾನ್ಯವಾಗಿ ಧಣಿಯೇ ನೋಡಿಕೊಳ್ಳಬೇಕು.

ಆ ಸುದ್ದಿ ಕೇಳಿ ಟೀಚರ್ ಅವರ ಮಗಳು ಕಾದಳು. ಅವಳಂತೆ ಲಕ್ಷಗಟ್ಟಲೆ ಜನ ಕಾದರು.

2025ರ ಜನವರಿ 31ರಿಂದ ಆ ಎರಡು ವರ್ಷದ ಷರತ್ತು ಹೋಯಿತು. ಒಳ್ಳೆಯದೇ. ಆದರೆ ಅವಳಿಗೆ ಅದು ಬೆಳೆ ಒಣಗಿದ ಮೇಲೆ ಬಂದ ಮಳೆ. ಮುಖ್ಯವಾದ ಭಾಗ, ಅಂದರೆ 990 ವರ್ಷ ಮತ್ತು ಮದುವೆಯ ಮೌಲ್ಯದ ರದ್ದು, ನಾವು ಇದನ್ನು ಬರೆಯುವ ಹೊತ್ತಿಗೂ ಜಾರಿಯಾಗಿಲ್ಲ. ಯಾವ ದರದಲ್ಲಿ ಲೆಕ್ಕ ಹಾಕಬೇಕು ಅಂತ ಸರ್ಕಾರ ಗೊತ್ತುಮಾಡಬೇಕಂತೆ, ನಿಯಮ ಬರೆಯಬೇಕಂತೆ, ಇನ್ನೂ ಏನೇನೋ ಅಂತೆ.

ಸರ್ಕಾರ ತಡಮಾಡುವಾಗ ಲೀಸಿನ ಗಡಿಯಾರ ನಿಲ್ಲುವುದಿಲ್ಲ. ಕಾದರೆ ವರ್ಷ ಸವೆದು ಹಳೆಯ ಲೆಕ್ಕದ ಬೆಲೆ ಏರುತ್ತದೆ. ಕಾಯದೆ ಕೊಟ್ಟರೆ, ಪಾರ್ಲಿಮೆಂಟೇ ಬೇಡ ಅಂದ ವರದಕ್ಷಿಣೆಯನ್ನು ಎಣಿಸಿ ಕೊಟ್ಟ ಹಾಗೆ. ಎರಡೂ ಕಡೆ ಕಳೆದುಕೊಳ್ಳುವವರು ಒಕ್ಕಲು. ಧಣಿಗೆ ತಡವಾದಷ್ಟೂ ಲಾಭ. ಹೀಗಿರುವಾಗ ತಡ ಅನ್ನುವುದು ಬರೀ ಕಚೇರಿಯ ಸೋಮಾರಿತನವಲ್ಲ, ಒಂದು ಪಕ್ಷಕ್ಕೆ ಕೊಟ್ಟ ಸಹಾಯ.

ಧಣಿಗಳು ಹೇಳುವುದೇನು

ಅವರ ಮಾತನ್ನೂ ಕೇಳೋಣ.

ಮೊದಲನೆಯದು: ಓದಿ ಸಹಿ ಹಾಕಿದ್ದಲ್ಲವೇ? ಹಾಕಿದ್ದು ಹೌದು. ಆದರೆ ಅಲ್ಲಿ ಫ್ಲ್ಯಾಟ್ ಬೇಕಾದವರಿಗೆ ಬೇರೆ ಆಯ್ಕೆ ಎಲ್ಲಿದೆ? ಫ್ಲ್ಯಾಟಿನವರೇ ಸೇರಿ ಕಟ್ಟಡದ ಒಡೆಯರಾಗುವ 'ಕಾಮನ್‌ಹೋಲ್ಡ್' ಪದ್ಧತಿಗೆ 2002ರಲ್ಲೇ ಕಾನೂನು ಮಾಡಿದರು. ಅದರ ಕೆಳಗೆ ಎದ್ದ ಕಟ್ಟಡಗಳು ಬೆರಳೆಣಿಕೆಯಷ್ಟು. ಕಟ್ಟುವವನಿಗೆ ಫ್ಲ್ಯಾಟಿನ ಬೆಲೆಯೂ ಬಂದು ನೆಲವೂ ಉಳಿಯುವ ದಾರಿ ಇರುವಾಗ ಅವನು ಬೇರೆ ದಾರಿ ಯಾಕೆ ಹಿಡಿಯುತ್ತಾನೆ?

ಎರಡನೆಯದು: ವರ್ಷ ಕಡಿಮೆ ಇದ್ದದ್ದಕ್ಕೆ ಕಡಿಮೆ ಬೆಲೆಗೆ ಸಿಕ್ಕಿದೆಯಲ್ಲ? 50 ವರ್ಷ ಉಳಿದ ಫ್ಲ್ಯಾಟನ್ನು ಗೊತ್ತಿದ್ದೇ ಅಗ್ಗಕ್ಕೆ ಕೊಂಡವರ ವಿಷಯದಲ್ಲಿ ಈ ಮಾತಿನಲ್ಲಿ ಹುರುಳಿದೆ, ಒಪ್ಪುತ್ತೇವೆ. ಆದರೆ 82 ವರ್ಷ ಇದ್ದ ಫ್ಲ್ಯಾಟನ್ನು ಹೆಚ್ಚುಕಡಿಮೆ ಪೂರ್ತಿ ಬೆಲೆಗೆ ಕೊಂಡವಳಿಗೆ ಇದು ಹೊಂದುವುದಿಲ್ಲ.

ಮೂರನೆಯದು: ಇದು ನಮ್ಮ ಆಸ್ತಿಯ ಹಕ್ಕು, ಪಿಂಚಣಿ ನಿಧಿಗಳಿಗೂ ದತ್ತಿ ಸಂಸ್ಥೆಗಳಿಗೂ ನಷ್ಟವಾಗುತ್ತದೆ. ಇದೇ ವಾದ ಹಿಡಿದು ನೆಲದ ಒಡೆಯರು 2024ರ ಕಾಯ್ದೆಯನ್ನು ಲಂಡನ್ನಿನ ಹೈಕೋರ್ಟಿಗೆ ಒಯ್ದರು. 2025ರ ಅಕ್ಟೋಬರಿನಲ್ಲಿ ಹೈಕೋರ್ಟ್ ಅವರ ಅರ್ಜಿಗಳನ್ನು ವಜಾ ಮಾಡಿತು. ಈ ವಾದ ಹೊಸದೂ ಅಲ್ಲ. ಲೀಸಿನ ಮನೆಗಳವರಿಗೆ ನೆಲ ಕೊಳ್ಳುವ ಹಕ್ಕು ಕೊಟ್ಟ 1967ರ ಕಾಯ್ದೆಯ ವಿರುದ್ಧ ಡ್ಯೂಕ್ ಆಫ್ ವೆಸ್ಟ್‌ಮಿನ್‌ಸ್ಟರ್ ಆಸ್ತಿಯ ಟ್ರಸ್ಟಿಗಳು ಯುರೋಪಿನ ಮಾನವ ಹಕ್ಕುಗಳ ನ್ಯಾಯಾಲಯದವರೆಗೂ ಹೋಗಿ 1986ರಲ್ಲಿ ಸೋತಿದ್ದರು. ಹೊಸ ಕಾಯ್ದೆಯಲ್ಲೂ ಧಣಿಗೆ ಪರಿಹಾರ ಸಿಗುತ್ತದೆ. ತಪ್ಪುವುದು ಮುಖ್ಯವಾಗಿ ಒಕ್ಕಲಿನ ಲಾಭದಲ್ಲಿ ಕೇಳುವ ಪಾಲು.

ಇದು ಆಗದ ಕೆಲಸ ಅನ್ನುವವರು ಅದೇ ದ್ವೀಪದ ಉತ್ತರಕ್ಕೆ ನೋಡಲಿ. ಸ್ಕಾಟ್ಲೆಂಡಿನಲ್ಲಿ ಫ್ಲ್ಯಾಟ್ ಕೊಂಡವರು ಅದರ ಒಡೆಯರೇ ಆಗುತ್ತಾರೆ. ಹಳೆಯ ಕಾಲದಿಂದ ಉಳಿದಿದ್ದ ಅತಿ ದೀರ್ಘ ಲೀಸುಗಳನ್ನೂ 2012ರ ಕಾಯ್ದೆಯ ಮೂಲಕ 2015ರ ನವೆಂಬರಿನಲ್ಲಿ ಒಡೆತನವಾಗಿ ಬದಲಾಯಿಸಿದರು. ಆಕಾಶ ಕಳಚಿ ಬೀಳಲಿಲ್ಲ.

ನಮ್ಮ ಮನೆಯ ಕಥೆಯೂ ಇದೆ

ಇಂಗ್ಲೆಂಡಿಗೆ ಬುದ್ಧಿ ಹೇಳಲು ಇವರು ಯಾರು ಅಂತ ಕೇಳಬಹುದು. ಗೇಣಿಯ ವಿಷಯ ನಮ್ಮ ಜಿಲ್ಲೆಗಳಿಗೆ ಗೊತ್ತಿದ್ದಷ್ಟು ಕಡಿಮೆ ಜನರಿಗೆ ಗೊತ್ತಿರಬಹುದು.

ದೇವರಾಜ ಅರಸು ಅವರ ಕಾಲದ ಭೂಸುಧಾರಣೆ ಜಾರಿಗೆ ಬಂದದ್ದು 1974ರ ಮಾರ್ಚ್ 1ರಂದು. ಆ ಕಾನೂನು ಗೇಣಿದಾರನಿಗೆ 'ನಿನ್ನ ಗೇಣಿಯ ಅವಧಿಯನ್ನು ಇನ್ನಷ್ಟು ವರ್ಷ ಉದ್ದ ಮಾಡಿಕೊಡುತ್ತೇವೆ, ದುಡ್ಡು ಕಟ್ಟು' ಅನ್ನಲಿಲ್ಲ. ಗೇಣಿಯ ಭೂಮಿ ಸರ್ಕಾರಕ್ಕೆ ಸೇರಿತು ಅಂದಿತು. ಉಳುವವನು ಅರ್ಜಿ ಹಾಕಲಿ, ಟ್ರಿಬ್ಯೂನಲ್ ವಿಚಾರಿಸಲಿ, ಒಡೆಯನಿಗೆ ಗೊತ್ತಾದ ಪರಿಹಾರ ಸಿಗಲಿ ಅಂದಿತು. ಆ ಟ್ರಿಬ್ಯೂನಲಿನ ಮುಂದೆ ವಕೀಲರು ಬರುವಂತಿಲ್ಲ ಅಂತಲೂ ಕಾನೂನಿನಲ್ಲೇ ಬರೆದಿದ್ದರು. ಧಣಿಯ ವಕೀಲರ ಎದುರು ಒಕ್ಕಲು ತಲೆತಗ್ಗಿಸಿ ನಿಲ್ಲುವುದು ಬೇಡ ಎಂಬ ತಿಳಿವಳಿಕೆ ಅದರಲ್ಲಿತ್ತು.

ಆ ಕಾನೂನಿನಲ್ಲಿ ಕೊರತೆ ಇರಲಿಲ್ಲವೇ? ಇತ್ತು. ಗೇಣಿಯೂ ಇಲ್ಲದೆ ಕೂಲಿ ಮಾಡುತ್ತಿದ್ದವರಿಗೆ ಸಿಕ್ಕಿದ್ದು ಕಡಿಮೆ. ಧಣಿಯ ಹೆದರಿಕೆಗೆ ಅರ್ಜಿಯನ್ನೇ ಹಾಕದವರು ನಮ್ಮ ಊರಲ್ಲೇ ಇದ್ದಾರೆ.

ಇನ್ನೊಂದು ಬಾಕಿ ಮೂಲಗೇಣಿಯದು. ಮಂಗಳೂರು, ಉಡುಪಿ ಕಡೆ ತಲೆಮಾರುಗಳಿಂದ ಮೂಲಗೇಣಿ ಜಾಗದಲ್ಲಿ ಮನೆ, ಅಂಗಡಿ ಕಟ್ಟಿಕೊಂಡವರಿದ್ದಾರೆ. ಕೃಷಿ ಭೂಮಿಯ ಕಾನೂನು ಅವರ ಮನೆ ಅಡಿಯ ಜಾಗಕ್ಕೆ ಮುಟ್ಟಲಿಲ್ಲ. ಅವರಿಗೆ ಒಡೆತನ ಕೊಡಲೆಂದೇ 2011ರಲ್ಲಿ ನಮ್ಮ ವಿಧಾನಮಂಡಲ ಕಾಯ್ದೆ ಮಾಡಿತು. ಮೂಲಿದಾರರು ಕೋರ್ಟಿಗೆ ಹೋದರು, ವ್ಯಾಜ್ಯ ವರ್ಷಗಟ್ಟಲೆ ಎಳೆಯಿತು. ಹಾಗಾಗಿ ಪಾಸಾದ ಕಾನೂನು ಮತ್ತು ಕೈಗೆ ಬಂದ ಕಾನೂನು ಬೇರೆ ಬೇರೆ ಅಂತ ನಮ್ಮವರಿಗೆ ಹೊಸದಾಗಿ ಹೇಳಬೇಕಿಲ್ಲ.

ಇದರಿಂದಲೇ ನಮ್ಮ ವಾದವೂ ಗಟ್ಟಿಯಾಗುತ್ತದೆ. ಗೇಣಿಯ ಅವಧಿ ಉದ್ದ ಮಾಡುವುದು ನೋವಿಗೆ ಎಣ್ಣೆ ಹಚ್ಚಿದ ಹಾಗೆ. ಮನೆಯ ಬೆಲೆ ಪೂರ್ತಿ ಕೊಟ್ಟವನ ಕೈಗೆ ಒಡೆತನ ಬರಬೇಕು. ಅದು ಆಗುವವರೆಗೆ, ಒಪ್ಪಿಕೊಂಡ ಸಣ್ಣ ನ್ಯಾಯವನ್ನಾದರೂ ತಡಮಾಡದೆ ಕೊಡಬೇಕು. 990 ವರ್ಷದ ಭಾಗಕ್ಕೆ ತಾರೀಕು ಹೇಳಲಿ. ಆ ತಾರೀಕಿನವರೆಗೆ ಮದುವೆಯ ಮೌಲ್ಯದ ವಸೂಲಿ ನಿಲ್ಲಲಿ.

ಮನೆಯವರು ಕೇಳಬೇಕಾದ ಮಾತು

ಮಗನೋ ಮಗಳೋ ಅಲ್ಲಿ ಫ್ಲ್ಯಾಟ್ ನೋಡುತ್ತಿದ್ದೇನೆ ಅಂತ ಫೋನ್ ಮಾಡಿದರೆ, ಜಾಗಕ್ಕೆ ಗಿರಾಕಿ ಹುಡುಕುವ ಮೊದಲು ಇಷ್ಟು ಕೇಳಿ.

1. ಲೀಸು ಶುರುವಾದದ್ದು ಯಾವ ವರ್ಷ, ಇನ್ನು ಎಷ್ಟು ವರ್ಷ ಬಾಕಿ? '99 ವರ್ಷ' ಅಂದರೆ ಸಾಲದು, ಬಾಕಿ ಎಷ್ಟು ಅಂತ ಕೇಳಿ.

2. 90ಕ್ಕಿಂತ ಕಡಿಮೆ ಇದ್ದರೆ, ಉದ್ದ ಮಾಡಿಸಲು ಎಷ್ಟಾಗುತ್ತದೆ ಅಂತ ಕೊಳ್ಳುವ ಮೊದಲೇ ಲೆಕ್ಕ ಹಾಕಿಸಲಿ. ಅದನ್ನು ಬೆಲೆಯಲ್ಲಿ ಇಳಿಸಲು ಕೇಳಲಿ, ಇಲ್ಲವೇ ಮಾರುವವರಿಂದಲೇ ನೋಟಿಸು ಕೊಡಿಸಲಿ.

3. ನೆಲಬಾಡಿಗೆ ಎಷ್ಟು? ಎಷ್ಟು ವರ್ಷಕ್ಕೊಮ್ಮೆ ಏರುತ್ತದೆ? 2022ರ ಜೂನ್ 30ರ ನಂತರ ಮಾಡಿದ ಹೊಸ ದೀರ್ಘ ಲೀಸುಗಳಲ್ಲಿ ಸಾಮಾನ್ಯವಾಗಿ ಅದು ಸೊನ್ನೆ. ಹಳೆಯದರಲ್ಲಿ ಹತ್ತು ವರ್ಷಕ್ಕೊಮ್ಮೆ ದುಪ್ಪಟ್ಟಾಗುವ ಷರತ್ತೂ ಇರುತ್ತದೆ.

4. ಈಗಾಗಲೇ ಕೊಂಡಾಗಿದ್ದು ಬಾಕಿ 80ರ ಹತ್ತಿರ ಬಂದಿದ್ದರೆ ಸುಮ್ಮನೆ ಕೂರುವುದು ಬೇಡ. 42ನೇ ಕಲಮಿನ ನೋಟಿಸು ಕೊಟ್ಟ ದಿನಕ್ಕೆ ಲೆಕ್ಕದ ವರ್ಷ ನಿಲ್ಲುತ್ತದೆ. ಉತ್ತರ ಕೊಡಲು ಧಣಿಗೆ ಕನಿಷ್ಠ ಎರಡು ತಿಂಗಳು ಸಿಗುತ್ತದೆ. ಒಪ್ಪಂದವಾಗದಿದ್ದರೆ ಅಲ್ಲಿಯೂ ಟ್ರಿಬ್ಯೂನಲ್ ಇದೆ.

5. 80ರ ಕೆಳಗೆ ಇಳಿದಿದ್ದರೆ, ಕಾಯುವುದೋ ಕೊಡುವುದೋ ಎಂಬುದಕ್ಕೆ ಎಲ್ಲರಿಗೂ ಒಂದೇ ಉತ್ತರ ಇಲ್ಲ. ಬೇಗ ಮಾರುವುದಿದ್ದರೆ, ಸಾಲ ಬದಲಿಸುವುದಿದ್ದರೆ ಕಾಯುವುದು ಕಷ್ಟ. ಇಲ್ಲದಿದ್ದರೆ ಹಳೆಯ ಲೆಕ್ಕ, ಹೊಸ ಲೆಕ್ಕ ಎರಡನ್ನೂ ಬರೆಸಿಕೊಂಡು ತೀರ್ಮಾನಿಸಲಿ.

6. ಧಣಿಯ ಕಡೆಯಿಂದ 'ವಕೀಲರು ಯಾಕೆ, ನಮ್ಮೊಳಗೇ ಮುಗಿಸೋಣ' ಅಂತ ಪತ್ರ ಬಂದರೆ ಹುಷಾರು. ಬರೀ 99 ವರ್ಷಕ್ಕೆ ತುಂಬಿಸಿ, ನೆಲಬಾಡಿಗೆ ಏರಿಸುವ ಷರತ್ತನ್ನು ಒಳಗೆ ಸೇರಿಸಿರಬಹುದು. ಕಾನೂನು ಕೊಡುವ 90 ವರ್ಷ ಮತ್ತು ಸೊನ್ನೆ ಬಾಡಿಗೆಯ ಜೊತೆ ಹೋಲಿಸಿ ನೋಡದೆ ಸಹಿ ಹಾಕುವುದು ಬೇಡ.

ಇನ್ನೊಂದು ವಿಷಯ ಅಲ್ಲಿರುವ ನಮ್ಮ ಮಕ್ಕಳಲ್ಲೇ ಹಲವರಿಗೆ ಗೊತ್ತಿಲ್ಲ. ಭಾರತ ಕಾಮನ್‌ವೆಲ್ತ್ ದೇಶವಾದ್ದರಿಂದ, ಅಲ್ಲಿ ಕಾನೂನುಬದ್ಧವಾಗಿ ವಾಸಿಸುವ ಭಾರತದ ಪಾಸ್‌ಪೋರ್ಟಿನವರೂ ಬ್ರಿಟನ್ನಿನ ಪಾರ್ಲಿಮೆಂಟ್ ಚುನಾವಣೆಯಲ್ಲಿ ಹೆಸರು ನೋಂದಾಯಿಸಿ ಮತ ಹಾಕಬಹುದು. ಮತ ಇದ್ದ ಮೇಲೆ ಎಂಪಿಗೆ ಪತ್ರ ಬರೆಯುವುದಕ್ಕೆ ಸಂಕೋಚ ಬೇಡ. ಅಲ್ಲಿನ ಕನ್ನಡ ಸಂಘಗಳು ರಾಜ್ಯೋತ್ಸವದ ಊಟದ ಮಧ್ಯೆ ಒಂದು ಮೇಜು ಹಾಕಿ, 'ಲೀಸು ಎಷ್ಟು ವರ್ಷ ಬಾಕಿ ಇದೆ, ನೋಡಿಕೊಂಡಿದ್ದೀರಾ' ಅಂತ ಕೇಳಿದರೂ ದೊಡ್ಡ ಉಪಕಾರ.

ನಾವು ಹೊರಡುವಾಗ ಟೀಚರ್ ಮಗಳಿಗೆ ಫೋನ್ ಹಚ್ಚಿದ್ದರು. ಅಲ್ಲಿ ಅವಳು ಡ್ಯೂಟಿಗೆ ಹೊರಟಿದ್ದಳು. "ಎಂಪಿ ಅಂತ ಯಾರೋ ಇದ್ದಾರಂತಲ್ಲ, ಅವರ ಹೆಸರು ಗೊತ್ತುಂಟಾ ನಿನಗೆ?" ಅಂತ ಕೇಳುತ್ತಿದ್ದರು. ಅವಳಿಗೆ ಗೊತ್ತಿರಲಿಲ್ಲ. "ಗೊತ್ತು ಮಾಡಿಕೋ. ನಿನ್ನ ಅಜ್ಜ ಏಳನೇ ನಮೂನೆ ಬರೆಸಲು ತಾಲೂಕು ಕಚೇರಿಗೆ ನಡೆದುಕೊಂಡು ಹೋಗಿದ್ದರು. ನಿನಗೆ ಕೂತಲ್ಲೇ ಬರೆಯಬಹುದಲ್ಲ" ಅಂದರು.